ನಾಯಕಿಯರನ್ನು ಹೋಲಿಸಲು ನಾಯಕನನ್ನು ನೋಡಿದೆ

ಒಂದೇ ಪಾತ್ರ, ಇಬ್ಬರು ನಟಿಯರು. ಯಾರು ಹೆಚ್ಚು? ನಮ್ಮ ಹವ್ಯಾಸಿ ತಂಡದಲ್ಲಿ ಈ ಜಗಳ ಮುಗಿದದ್ದೇ ಇಲ್ಲ. "ಅವರನ್ನು ನೋಡಬೇಡಿ, ಎದುರಿಗೆ ನಿಂತವರನ್ನು ನೋಡಿ" ಎಂದು ನಾನು ಅಂದಾಗ ಎಲ್ಲರೂ ನಕ್ಕಿದ್ದರು. ಈಗ ಯಾರೂ ನಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪ್ರಯೋಗ ಮಾಡಿದ್ದು ನ್ಯೂಯಾರ್ಕಿನಲ್ಲಿ, 'ಮೈ ಫೇರ್ ಲೇಡಿ' ಮೇಲೆ. 1956ರ ಈ ಮ್ಯೂಸಿಕಲ್ ಅನ್ನು, ಅಂದರೆ ಹಾಡುಗಳ ನಾಟಕವನ್ನು, ನಿರ್ದೇಶಕ ಬಾರ್ಟ್ಲೆಟ್ ಶೆರ್ 2018ರಲ್ಲಿ ಲಿಂಕನ್ ಸೆಂಟರಿನ ವಿವಿಯನ್ ಬೋಮಾಂಟ್ ರಂಗಮಂದಿರದಲ್ಲಿ ಮತ್ತೆ ಕಟ್ಟಿದರು. ಹೂ ಮಾರುವ ಹುಡುಗಿ ಎಲೈಜಾ ಆಗಿ ಮೊದಲು ಲಾರೆನ್ ಆಂಬ್ರೋಸ್, ಅಕ್ಟೋಬರಿನಿಂದ ಲಾರಾ ಬೆನಾಂಟಿ. ಅವಳಿಗೆ ನಯವಾದ ಮಾತು ಕಲಿಸುವ ಪ್ರೊಫೆಸರ್ ಹಿಗ್ಗಿನ್ಸ್ ಮಾತ್ರ ಅದೇ ಹ್ಯಾರಿ ಹ್ಯಾಡನ್-ಪೇಟನ್. ನನಗೆ ಬೇಕಿದ್ದದ್ದೂ ಅದೇ.

ಶುರುವಿನಲ್ಲಿ ಎಲ್ಲರ ಹಾಗೆ ಹಾಡಿಗಿಷ್ಟು, ಮಾತಿಗಿಷ್ಟು ಎಂದು ಅಂಕ ಹಾಕಿದೆ. ದಂಡ. ಆ ರಂಗದ ಮೂರು ಕಡೆಯೂ ಪ್ರೇಕ್ಷಕರು. ಬದಿಯಲ್ಲಿ ಕೂತರೆ ಎಷ್ಟೋ ಹೊತ್ತು ಬೆನ್ನೇ ಕಾಣುತ್ತದೆ. ನಾನು ಅಂಕ ಕೊಟ್ಟದ್ದು ನಟಿಗಲ್ಲ, ಸೀಟಿಗೆ. ಆಮೇಲೆ ಹಾಡುಗಳ ಆಲ್ಬಂ ಹಿಡಿದೆ. ಅದರಲ್ಲಿರುವುದು ಆಂಬ್ರೋಸ್ ದನಿ ಮಾತ್ರ. ಸ್ಟುಡಿಯೋದಲ್ಲಿ ಹಾಡಿದ್ದನ್ನು ರಂಗದ ಮೇಲಿನ ಬೆನಾಂಟಿ ಜತೆ ಹೇಗೆ ತೂಗುವುದು? ಕಣ್ಣು ಮುಚ್ಚಿಕೊಂಡೂ ಕೇಳಿದೆ. ಪಕ್ಕದವರು ನಾನು ನಿದ್ದೆ ಹೋದೆ ಅಂದುಕೊಂಡರು.

ದುಡ್ಡಂತೂ ಕೇಳಬೇಡಿ. ಮೊದಲ ಟಿಕೆಟ್ಟೇ 150 ಡಾಲರ್ ಆಸುಪಾಸು. ಪಕ್ಕದ ನ್ಯೂಜೆರ್ಸಿಯ ಎಡಿಸನ್‌ನಿಂದ ರೈಲು, ಊಟ ಸೇರಿದರೆ 200ರ ಹತ್ತಿರ. ಆಮೇಲೆ ಟೈಮ್ಸ್ ಸ್ಕ್ವೇರ್‌ನ ರಿಯಾಯಿತಿ ಟಿಕೆಟ್ ಸಾಲಿನಲ್ಲಿ ನಿಲ್ಲುವುದು ಅಭ್ಯಾಸವಾಯಿತು. ಮನೆಯಲ್ಲಿ ಲೆಕ್ಕ ಹೇಳಿದ್ದು ಮಾತ್ರ ಸ್ವಲ್ಪ ಕಡಿಮೆ.

ಕೊನೆಗೆ ಎಲೈಜಾಳನ್ನು ಬಿಟ್ಟು, ಹಿಗ್ಗಿನ್ಸ್ ಸುಮ್ಮನಿರುವ ಜಾಗಗಳನ್ನು ಮಾತ್ರ ಹಿಡಿದೆ. ಚಪ್ಪಲಿ ಎಸೆಯುವ ದೃಶ್ಯ, ಕೊನೆಯ ಭೇಟಿ, ಇನ್ನೊಂದೆರಡು. ಯಾವುವು ಅಂತ ಹೇಳಲ್ಲ, ನೀವೇ ಹುಡುಕಿ. ಆಂಬ್ರೋಸ್ ಮುಂದೆ ಈ ಹಿಗ್ಗಿನ್ಸ್ ಉತ್ತರ ಕೊಡಲು ತಡಮಾಡುತ್ತಾನೆ, ಅವಳು ಏನು ಯೋಚಿಸುತ್ತಿದ್ದಾಳೋ ಎಂಬ ಅಳುಕು. ಬೆನಾಂಟಿ ಮುಂದೆ ತಡವಿಲ್ಲ. ಅವರ ಹಾಸ್ಯದ ಏಟಿಗೆ ಏಟು ಕೊಡುವ ಆತುರ. ಮೂಲದಲ್ಲಿ ಎಲೈಜಾ ಹಿಂದಿರುಗಿ ಬರುತ್ತಾಳೆ. ಇಲ್ಲಿ ಅವನ ಕೆನ್ನೆ ಮುಟ್ಟಿ, ಪ್ರೇಕ್ಷಕರ ನಡುವೆ ನಡೆದು ಹೊರಟೇ ಹೋಗುತ್ತಾಳೆ. ಆಂಬ್ರೋಸ್ ಹೋದಾಗ ಅವನಿಗೆ ಇದು ಮೊದಲೇ ಗೊತ್ತಿತ್ತು ಅನಿಸಿತು. ಬೆನಾಂಟಿ ಹೋದಾಗ ಪೂರ್ತಿ ತಬ್ಬಿಬ್ಬು. ಹಾಡಿನಲ್ಲಿ ಬೆನಾಂಟಿಯೇ ಮೇಲು, ಅದರಲ್ಲಿ ಮಾತಿಲ್ಲ. ಆದರೆ ಎದುರಿನವನನ್ನು ಬದಲಾಯಿಸಿದ್ದು ಆಂಬ್ರೋಸ್. ನನ್ನ ಓಟು ಅವರಿಗೆ.

ಒಂದು ತೊಡಕಿತ್ತು. ಹಿಗ್ಗಿನ್ಸ್‌ನ ತಾಯಿಯ ಪಾತ್ರ ಬಿಟ್ಟು ಡಯಾನಾ ರಿಗ್ ಹೋಗಿ, ರೋಸ್‌ಮೆರಿ ಹ್ಯಾರಿಸ್ ಬಂದಿದ್ದರು. ರಿಗ್ ಅಂದರೆ ಸುಮ್ನೆ ಅಲ್ಲ, ಈ ಮ್ಯೂಸಿಕಲ್‌ಗೆ ಆಧಾರವಾದ 'ಪಿಗ್ಮೇಲಿಯನ್' ನಾಟಕದಲ್ಲಿ 1974ರಲ್ಲಿ ಲಂಡನ್ನಿನಲ್ಲಿ ಎಲೈಜಾ ಆಗಿದ್ದವರು ಅವರೇ. ತಾಯಿ ಬದಲಾದರೆ ಮಗನೂ ಬದಲಾಗುತ್ತಾನೆ ಅಲ್ವಾ? ಹಾಗಾಗಿ ತಾಯಿ ಇರುವ ದೃಶ್ಯಗಳನ್ನೆಲ್ಲ ಲೆಕ್ಕದಿಂದ ತೆಗೆದೆ.

ಎಲೈಜಾಳ ಅಪ್ಪ ಡೂಲಿಟಲ್ ಪಾತ್ರಕ್ಕೂ ಇದನ್ನೇ ಹಚ್ಚಿ ನೋಡಿದೆ. ಮೊದಲು ನಾರ್ಬರ್ಟ್ ಲಿಯೋ ಬಟ್ಜ್, ಆಮೇಲೆ ಡ್ಯಾನಿ ಬರ್ಸ್ಟೀನ್. ಉಪಯೋಗವಾಗಲಿಲ್ಲ. ಆ ಪಾತ್ರದ ದೊಡ್ಡ ಹಾಡಿನಲ್ಲಿ ಸುತ್ತ ಗುಂಪು ಕುಣಿಯುತ್ತಿರುತ್ತದೆ, ಯಾರ ಮುಖ ನೋಡುವುದು?

ಮುಂದೆ ನಮ್ಮ ತಂಡದಲ್ಲೂ ಒಂದು ಪಾತ್ರಕ್ಕೆ ಇಬ್ಬರು ಸಮಸಮ ನಿಂತರು. ಎದುರಿಗೆ ಒಬ್ಬನೇ ನಟನನ್ನು ನಿಲ್ಲಿಸಿ, ನೋಡುವವರಿಗೆಲ್ಲ ಅವನನ್ನಷ್ಟೇ ನೋಡಿ ಅಂದೆ. ಹತ್ತು ನಿಮಿಷದಲ್ಲಿ ತೀರ್ಮಾನ, ಒಂದು ಅಪಸ್ವರವೂ ಇಲ್ಲ. ಪಾತ್ರ ಸಿಗದ ನಟಿ ಕೂಡ ಒಪ್ಪಿದರು. ಆ ನಟ ಮಾತ್ರ ಅವತ್ತಿನಿಂದ ತಾನೇ ಚೆನ್ನಾಗಿ ಮಾಡಿದೆ ಅಂತ ಹೇಳಿಕೊಂಡು ತಿರುಗುತ್ತಿದ್ದಾನೆ.