ಹುರಿಯದ ಮೊಳಕೆ ಹಿಟ್ಟಿನಿಂದ ಕೂಸಿನ ಗಂಜಿ: ಕುಷ್ಟಗಿಯಲ್ಲಿ ನನ್ನ ಅನುಭವ

ಮೊಳಕೆ ಬರಿಸಿದ ರಾಗಿಯನ್ನು ಘಮ್ಮೆನ್ನುವವರೆಗೆ ಹುರಿದು ಬೀಸಿಸುವ ರೂಢಿಯನ್ನು ನಾನು ಬಿಟ್ಟಾಗ ನಮ್ಮ ಮನೆಯಲ್ಲಿಯೂ ಓಣಿಯಲ್ಲಿಯೂ ಅದನ್ನು ಒಪ್ಪಿದವರು ಒಬ್ಬರೂ ಇರಲಿಲ್ಲ. "ಹುರೀಲಾರದ ಹಿಟ್ಟು ಕೂಸಿನ ಹೊಟ್ಟಿಗೆ ಆಗೂದಿಲ್ಲವ್ವಾ" ಎಂದು ಅತ್ತೆಯವರು ಕಡ್ಡಿ ಮುರಿದಂತೆ ಹೇಳಿದರು. ಪಕ್ಕದ ಮನೆಯವರು ಭೇದಿ ಹತ್ತುತ್ತದೆ ಎಂದು ಹೆದರಿಸಿದರು. ಕೂಸಿನ ತಾಯಿಯಾದ ನನ್ನ ಮಗಳಿಗೂ ಮೊದಲ ಕೆಲವು ವಾರ ಪೂರ್ಣ ನಂಬಿಕೆ ಇರಲಿಲ್ಲ. ಆರು ತಿಂಗಳಿಗೆ ಆರೂವರೆ ಕಿಲೋದ ಆಸುಪಾಸಿನಲ್ಲಿದ್ದ ಮೊಮ್ಮಗ ವರ್ಷ ತುಂಬುವ ಹೊತ್ತಿಗೆ ಒಂಬತ್ತು ಕಿಲೋ ದಾಟಿದನು, ತಾಯಿ ಕಾರ್ಡಿನಲ್ಲಿನ ತೂಕದ ಗೆರೆ ಒಮ್ಮೆಯೂ ಕೆಳಗೆ ಬಾಗಲಿಲ್ಲ, ಅದೇ ಓಣಿಯ ನಾಲ್ಕೈದು ಮನೆಯವರು ಈಗ ರಾಗಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರುತ್ತಾರೆ. ಆದ್ದರಿಂದ ಸಾಧಿಸಿದ್ದನ್ನೂ ಕೆಟ್ಟುಹೋದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ರಾಗಿ ತೊಳೆಯುವುದು, ನೆನೆಸುವುದು, ಬಟ್ಟೆಯಲ್ಲಿ ಕಟ್ಟುವುದು ಎಲ್ಲರಿಗೂ ಗೊತ್ತಿರುವ ಕೆಲಸವಾದ್ದರಿಂದ ಅದನ್ನು ವಿವರಿಸುವುದಿಲ್ಲ.

ಮುಖ್ಯ ತೊಡಕು ಗಂಜಿಯ ಗಟ್ಟಿತನದ್ದು. ಬರೀ ಹುರಿದ ಹಿಟ್ಟಾದರೆ 200 ಮಿ.ಲೀ. ನೀರಿಗೆ ಸುಮಾರು 20 ಗ್ರಾಂ ಹಾಕುವಷ್ಟರಲ್ಲಿ ಗಂಜಿ ದಪ್ಪವಾಗುತ್ತದೆ, ಅದಕ್ಕಿಂತ ಹೆಚ್ಚು ಹಾಕಿದರೆ ಆರಿದ ಮೇಲೆ ಮುದ್ದೆಯಾಗಿ ಕೂಸು ಅದನ್ನು ನಾಲಿಗೆಯಿಂದ ಹೊರಗೆ ನೂಕುತ್ತದೆ. ತೆಳುವಾಗಲೆಂದು ನೀರು ಬೆರೆಸಿದರೆ ಹೊಟ್ಟೆ ತುಂಬುವುದು ನೀರಿನಿಂದ. ಏಳು ತಿಂಗಳ ಕೂಸಿನ ಹೊಟ್ಟೆಗೆ ಒಂದು ಸಣ್ಣ ಬಟ್ಟಲಿಗಿಂತ ಹೆಚ್ಚು ಹಿಡಿಸುವುದಿಲ್ಲವಾದ್ದರಿಂದ, ಆ ಒಂದು ಬಟ್ಟಲಿನಲ್ಲಿ ಎಷ್ಟು ಹಿಟ್ಟು ಇದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಮೊಳಕೆಯೊಡೆದ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಗಂಜಿಯನ್ನು ಸಡಿಲಗೊಳಿಸುತ್ತದೆ, ಹೆಚ್ಚು ಕಾವಿನಲ್ಲಿ ಹುರಿದರೆ ಅದು ನಾಶವಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯವರು (ಸಿಎಫ್‌ಟಿಆರ್‌ಐ) ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರ ರೂಪಿಸಿ ದಶಕಗಳೇ ಆಗಿವೆ, ಆದ್ದರಿಂದ ಇದು ನನ್ನ ಕಲ್ಪನೆಯಲ್ಲ. ನಾನು ಮಾಡಿದ್ದೆಂದರೆ ಅದನ್ನು ಈ ಬಿಸಿಲುನಾಡಿನ ಮನೆಗೆ ಒಗ್ಗಿಸಿಕೊಂಡದ್ದು.

ನನ್ನ ಬಳಿ ಎರಡು ಡಬ್ಬಿಗಳಿವೆ. ದೊಡ್ಡ ಡಬ್ಬಿಯಲ್ಲಿ ಹದವಾಗಿ ಹುರಿದ ಕಾಳುಗಳ ಹಿಟ್ಟು ಇರುತ್ತದೆ. ಅದರಲ್ಲಿ ರಾಗಿ ಅಥವಾ ನವಣೆ ಅಕ್ಕಿ ಮೂರು ಪಾಲು, ಹೆಸರುಬೇಳೆ ಒಂದು ಪಾಲು, ಎಂಟು ತಿಂಗಳ ನಂತರ ಸ್ವಲ್ಪ ಶೇಂಗಾ. ಚಿಕ್ಕ ಡಬ್ಬಿಯಲ್ಲಿ ಮೊಳಕೆ ಬರಿಸಿ ಒಣಗಿಸಿದ, ಹುರಿಯದ ರಾಗಿಯ ಹಿಟ್ಟು ಮಾತ್ರ. ಗಂಜಿ ಕುದಿಸುವುದು ದೊಡ್ಡ ಡಬ್ಬಿಯ ಹಿಟ್ಟಿನಿಂದ. ಅದನ್ನು ಒಲೆಯಿಂದ ಇಳಿಸಿ ಸ್ವಲ್ಪ ಆರಿಸಿ, ಚಿಕ್ಕ ಡಬ್ಬಿಯಿಂದ ಒಂದು ಚಹಾ ಚಮಚೆ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಬೆರೆಸಿದರೆ, ಸೌಟು ನಿಲ್ಲುವಷ್ಟು ದಪ್ಪವಿದ್ದ ಗಂಜಿ ಐದಾರು ನಿಮಿಷದಲ್ಲಿ ಸುರಿಯುವ ಹದಕ್ಕೆ ಬರುತ್ತದೆ. ಮೊದಲ ಸಲ ನೋಡಿದವರು ನಾನು ನೀರು ಹಾಕಿದ್ದೇನೆಂದೇ ತಿಳಿಯುತ್ತಾರೆ. ಈ ರೀತಿಯಲ್ಲಿ ಅದೇ 200 ಮಿ.ಲೀ. ಬಟ್ಟಲಿಗೆ 40 ಗ್ರಾಂನಷ್ಟು ಹಿಟ್ಟು ಸೇರುತ್ತದೆ.

ಇಲ್ಲಿ ಎರಡು ಮಾತನ್ನು ಒತ್ತಿ ಹೇಳಬೇಕು. ಕುದಿಯುವ ಗಂಜಿಗೆ ಮೊಳಕೆ ಹಿಟ್ಟು ಹಾಕಿದರೆ ಏನೂ ಆಗುವುದಿಲ್ಲ, ಪೂರ್ತಿ ಆರಿದ ಗಂಜಿಗೆ ಹಾಕಿದರೆ ಬಹಳ ಹೊತ್ತು ಬೇಕು. 60ರಿಂದ 70 ಡಿಗ್ರಿಯ ನಡುವೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮುನ್ನೂರು ರೂಪಾಯಿಯ ಡಿಜಿಟಲ್ ಅಡುಗೆ ಥರ್ಮಾಮೀಟರ್ ಕೊಂಡು ಅಳೆದೆ, ಒಂದೆರಡು ತಿಂಗಳ ನಂತರ ಆವಿ ನೋಡಿಯೇ ಹದ ತಿಳಿಯತೊಡಗಿತು. ಎರಡನೆಯದಾಗಿ, ಗಂಜಿ ಸಡಿಲಾದ ಮೇಲೆ ಅದನ್ನು ಮತ್ತೆ ಒಲೆಗಿಟ್ಟು ಮೂರು ನಾಲ್ಕು ನಿಮಿಷ ಚೆನ್ನಾಗಿ ಕುದಿಸಲೇಬೇಕು. ಒದ್ದೆ ಬಟ್ಟೆಯಲ್ಲಿ ಎರಡು ದಿನ ಇದ್ದ ಕಾಳಿನಲ್ಲಿ ಸೂಕ್ಷ್ಮಜೀವಿಗಳು ಇರುವುದು ಸಹಜ, ಅವನ್ನು ಕೊಲ್ಲುವುದು ಈ ಎರಡನೆಯ ಕುದಿ. ಅತ್ತೆಯವರ ಆಕ್ಷೇಪಕ್ಕೂ ಇದೇ ನನ್ನ ಉತ್ತರವಾಗಿತ್ತು: ಹುರಿಯದಿದ್ದರೂ ಹಿಟ್ಟು ಹಸಿಯಾಗಿ ಕೂಸಿನ ಬಾಯಿಗೆ ಹೋಗುವುದಿಲ್ಲ. ಮಾಡಿದ ಗಂಜಿಯನ್ನು ನಮ್ಮ ಬೇಸಿಗೆಯಲ್ಲಿ ಎರಡು ತಾಸಿಗಿಂತ ಹೆಚ್ಚು ಇಡುವುದಿಲ್ಲ, ಉಳಿದರೆ ದೊಡ್ಡವರು ಕುಡಿಯುತ್ತಾರೆ.

ಹಣ ಮತ್ತು ಕಾಳು ಹೆಚ್ಚು ಹಾಳಾದದ್ದು ಮೊಳಕೆ ಬರಿಸುವಲ್ಲಿ. ನಮ್ಮ ಕಡೆ ರಾಗಿ ಬೆಳೆಯುವುದು ಕಡಿಮೆ. ಜೋಳ, ಸಜ್ಜೆ, ನವಣೆಯ ಸೀಮೆ ಇದು. ಅಂಗಡಿಯಲ್ಲಿ ಸಿಕ್ಕ ರಾಗಿ ಎಷ್ಟು ಹಳೆಯದೋ ಹೇಳುವವರಿಲ್ಲ. ಮೊದಲು ತಂದ ರಾಗಿಯಲ್ಲಿ ಅರ್ಧದಷ್ಟೂ ಮೊಳೆಯಲಿಲ್ಲ, ಮೊಳೆಯದ ಕಾಳು ಕೊಳೆತು ಮೊಳೆತದ್ದನ್ನೂ ಹುಳಿಯಾಗಿಸಿತು. ಈಗ ಹೊಸದುರ್ಗದ ಕಡೆಯಿಂದ ಬರುವ ಹೊಸ ರಾಗಿಯನ್ನು ಮಾತ್ರ ತರಿಸುತ್ತೇನೆ, ಮೂಟೆ ಒಡೆಯುವ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿಟ್ಟು ನೋಡುತ್ತೇನೆ. ತೊಂಬತ್ತಕ್ಕಿಂತ ಕಡಿಮೆ ಮೊಳೆತರೆ ಆ ರಾಗಿ ಮುದ್ದೆಗೆ ಹೋಗುತ್ತದೆ. ಚೆನ್ನಾಗಿ ಮೊಳೆಯುತ್ತದೆಂದು ಬಿತ್ತನೆ ಬೀಜವನ್ನು ಬಳಸಲು ಒಬ್ಬರು ಸಲಹೆ ಕೊಟ್ಟರು. ಔಷಧ ಸವರಿದ ಬೀಜವನ್ನು ಎಷ್ಟು ತೊಳೆದರೂ ಕೂಸಿಗಿರಲಿ, ದನಕ್ಕೂ ಹಾಕಬಾರದು.

ಎರಡನೆಯ ಶತ್ರು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ರಾಗಿ ಬೆಳಗಿನಿಂದ ಸಂಜೆಯೊಳಗೆ ಹೊರಗೆ ಒಣಗಿ ಒಳಗೆ ಬೆಂದಂತಾಗಿ, ಮರುದಿನ ಹುಳಿ ವಾಸನೆ ಹೊಡೆಯುತ್ತಿತ್ತು. ಬಿಳಿ ಬೂಷ್ಟು ಬಂದದ್ದೂ ಉಂಟು. ಎರಡು ಮೂರು ಕಿಲೋಗಳಂತೆ ಹಲವು ಸಲ ಹಾಳಾಗಿ, ಒಟ್ಟು ಹತ್ತು ಕಿಲೋದಷ್ಟು ರಾಗಿ ತಿಪ್ಪೆಗೆ ಹೋಯಿತು. ಬೂಷ್ಟು ಬಂದದ್ದನ್ನು ತೊಳೆದು ಒಣಗಿಸಿ ಬಳಸಬಹುದೆಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕೊನೆಗೆ ದಾರಿ ತೋರಿಸಿದ್ದು ಕುಡಿಯುವ ನೀರಿನ ಹಳೆಯ ಹರವಿ, ಅಂದರೆ ಮಣ್ಣಿನ ಗಡಿಗೆ. ಒದ್ದೆ ಮರಳಿನ ಮೇಲೆ ಹರವಿಯನ್ನು ಇಟ್ಟು, ಒಳಗೆ ಬಟ್ಟೆಯಲ್ಲಿ ರಾಗಿಯನ್ನು ತೆಳುವಾಗಿ ಹರಡಿ, ಹೊರಮೈಗೆ ತೋಯಿಸಿದ ಗೋಣಿ ಸುತ್ತಿ, ದಿನಕ್ಕೆ ಮೂರು ಸಲ ಕಾಳನ್ನು ಹೊಸ ನೀರಿನಲ್ಲಿ ಜಾಲಿಸಿದರೆ ಒಳಗೆ ಹೊರಗಿಗಿಂತ ಹತ್ತು ಡಿಗ್ರಿಯಾದರೂ ತಂಪಿರುತ್ತದೆ. ಕಡುಬೇಸಿಗೆಯಲ್ಲಿಯೂ ಎಲ್ಲ ಕಾಳು ಒಂದೇ ಸಮ ಮೊಳೆಯುವಂತೆ ಮಾಡಲು ನೆನೆಸುವ ಹಂತದಲ್ಲಿ ನಾನು ಅನುಸರಿಸುವ ಒಂದು ಕ್ರಮವಿದೆ. ಅದನ್ನು ಮನೆಗೆ ಬಂದು ಕೈಜೋಡಿಸುವವರಿಗೆ ಮಾತ್ರ ತೋರಿಸುತ್ತೇನೆ.

ಒಣಗಿಸಲು ನಮ್ಮ ಬಿಸಿಲಿಗಿಂತ ಒಳ್ಳೆಯದು ಬೇರೆ ಇಲ್ಲವೆಂದು ತಿಳಿಯುವ ಮೊದಲು ಐದು ಸಾವಿರದ ಮೇಲೆ ಕೊಟ್ಟು ಕರೆಂಟಿನ ಡ್ರೈಯರ್ ಒಂದನ್ನು ತಂದಿದ್ದೆವು. ಸಣ್ಣ ರಾಗಿ ಅದರ ತಟ್ಟೆಯ ತೂತಿನಿಂದ ಕೆಳಗೆ ಉದುರುತ್ತಿತ್ತು, ಬಟ್ಟೆ ಹಾಸಿದರೆ ಗಾಳಿ ಆಡುತ್ತಿರಲಿಲ್ಲ. ಈಗ ಅದರಲ್ಲಿ ಕರಿಬೇವು ಒಣಗುತ್ತದೆ. ಮಾಳಿಗೆಯ ಮೇಲೆ ಬಿಳಿ ಪಂಚೆಯಲ್ಲಿ ತೆಳುವಾಗಿ ಹರಡಿ, ಧೂಳು ಕೂರದಂತೆ ಮೇಲೆ ಸೊಳ್ಳೆಪರದೆಯ ಬಟ್ಟೆ ಕಟ್ಟಿದರೆ ಒಂದೂವರೆ ದಿನದಲ್ಲಿ ಕಾಳು ಕಟುಂ ಎನ್ನುತ್ತದೆ. ನಂತರ ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿದರೆ ಬೇರುಗಳು ಹಾರಿಹೋಗುತ್ತವೆ. ಬೇರು ಉಳಿದರೆ ಹಿಟ್ಟಿಗೆ ಕಹಿ ಬರುತ್ತದೆ. ಒಂದು ಕಿಲೋ ರಾಗಿಗೆ 850 ಗ್ರಾಂನ ಆಸುಪಾಸು ಉಳಿಯುತ್ತದೆ.

ಗಿರಣಿಯ ವಿಷಯವನ್ನು ಯಾರೂ ಬರೆಯುವುದಿಲ್ಲ, ಆದರೆ ಈ ಜಿಲ್ಲೆಗಳಲ್ಲಿ ಅದು ದೊಡ್ಡ ವಿಷಯ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಗಿರಣಿಗಳಲ್ಲಿ ಖಾರದ ಪುಡಿಯೇ ಓಡುತ್ತಿರುತ್ತದೆ, ಬೇರೆ ಯಂತ್ರವಿದೆ ಎಂದು ಹೇಳಿದರೂ ಖಾರದ ಧೂಳು ಎಲ್ಲ ಕಡೆ ಇರುತ್ತದೆ. ಒಮ್ಮೆ ಬೀಸಿಸಿ ತಂದ ಹಿಟ್ಟನ್ನು ನಾನೇ ನಾಲಿಗೆಗೆ ಹಚ್ಚಿ ನೋಡಿದಾಗ ಚುರುಕೆಂದಿತು, ಆ ಹಿಟ್ಟು ಕೂಸಿಗೆ ಹೋಗಲಿಲ್ಲ. ಮೊದಲು ರೊಟ್ಟಿಯ ಜೋಳ ಐದು ಕಿಲೋ ಬೀಸಿಸಿ ನಂತರ ಕೂಸಿನ ಹಿಟ್ಟು ಬೀಸಿಸಿದೆ, ಖಾರ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮಿಕ್ಸರಿನಲ್ಲಿ ಮಾಡಹೋಗಿ ಮೋಟಾರು ಸುಟ್ಟು ಎಂಟುನೂರು ರೂಪಾಯಿ ರಿಪೇರಿ ಬಂತು. ಬೀಸುವ ಕಲ್ಲನ್ನು ಹೊಸದಾಗಿ ಮುಳ್ಳು ಹೊಡೆಸಿದ್ದರಿಂದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸಿಕ್ಕಿತು. ಅಂತಿಮವಾಗಿ ತಂಗಿಯೂ ನಾನೂ ಅರ್ಧರ್ಧ ಹಾಕಿ ಹದಿನೇಳು ಸಾವಿರದ ಸುಮಾರಿನಲ್ಲಿ ಮನೆಗಿರಣಿ ಕೊಂಡೆವು. ಅದರಲ್ಲಿ ಖಾರ, ಅರಿಸಿನ ಎಂದೂ ಹಾಕುವುದಿಲ್ಲ. ಬೀಸಿದ ಮೇಲೆ ಸಾಣಿಗೆಯಲ್ಲಿ ಒಮ್ಮೆ, ತೆಳು ಬಟ್ಟೆಯಲ್ಲಿ ಒಮ್ಮೆ ಸೋಸಬೇಕು. ಒಂಬತ್ತು ತಿಂಗಳ ನಂತರ ಬಟ್ಟೆಯ ಸೋಸುವಿಕೆಯನ್ನು ಬಿಟ್ಟೆ, ಏಕೆಂದರೆ 100 ಗ್ರಾಂಗೆ 350 ಮಿ.ಗ್ರಾಂನಷ್ಟಿರುವ ರಾಗಿಯ ಸುಣ್ಣದಂಶದಲ್ಲಿ ಒಳ್ಳೆಯ ಪಾಲು ಹೊಟ್ಟಿನಲ್ಲಿಯೇ ಇದೆ.

ನೀರಿನ ಬಗ್ಗೆಯೂ ಹೇಳಬೇಕು. ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. ನಾವು ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲಿಯೇ ಗಂಜಿ ಮಾಡುತ್ತೇವೆ, ಕೊನೆಯ ಸಲ ರಾಗಿ ನೆನೆಸುವುದೂ ಅದರಲ್ಲಿಯೇ.

ನಮ್ಮದೇ ಕಾಳುಗಳಲ್ಲಿ ಮೊಳಕೆ ಹಿಟ್ಟು ಮಾಡಬಾರದೇಕೆ ಎಂದು ಕೆಲವು ಪ್ರಯೋಗಗಳನ್ನೂ ಮಾಡಿದೆ. ಜೋಳವನ್ನು ಮಾತ್ರ ಯೋಚಿಸಿ ಕೈಬಿಟ್ಟೆ: ಅದರ ಮೊಳಕೆ ಮತ್ತು ಬೇರಿನಲ್ಲಿ ಧುರಿನ್ ಎಂಬ ಪದಾರ್ಥವಿದ್ದು ಅದರಿಂದ ಸಯನೈಡ್ ಹುಟ್ಟುತ್ತದೆ. ಎಳೆಯ ಜೋಳದ ಪೈರು ಮೇಯ್ದ ದನ ಸಾಯುವುದನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಳಕೆ ಬರಿಸದ ಜೋಳವನ್ನು ಹುರಿದು ದೊಡ್ಡ ಡಬ್ಬಿಗೆ ಸೇರಿಸುವುದರಲ್ಲಿ ತೊಂದರೆಯಿಲ್ಲ. ಸಜ್ಜೆ ಚೆನ್ನಾಗಿ ಮೊಳೆಯಿತು, ಕಬ್ಬಿಣಾಂಶವೂ ರಾಗಿಗಿಂತ ಹೆಚ್ಚು, ಆದರೆ ಅದರಲ್ಲಿರುವ ಎಣ್ಣೆಯಂಶದಿಂದ ಬೀಸಿದ ಹಿಟ್ಟು ವಾರ ಹತ್ತು ದಿನದಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಬೇಕೆಂದಾಗ ಒಂದು ಹಿಡಿ ಬೀಸಿಕೊಳ್ಳುವವರಿಗೆ ಅದು ಸರಿ. ನವಣೆ ಸಿಪ್ಪೆಯೊಂದಿಗೆ ಮಾತ್ರ ಮೊಳೆಯುತ್ತದೆ, ಮೊಳೆತ ಮೇಲೆ ಆ ಸಿಪ್ಪೆಯನ್ನು ಮನೆಯಲ್ಲಿ ತೆಗೆಯಲಾಗುವುದಿಲ್ಲ, ಆದ್ದರಿಂದ ಅಕ್ಕಿ ಮಾಡಿಸಿದ ನವಣೆಯನ್ನು ಹುರಿದು ಬಳಸುತ್ತೇನೆ. ಆನೆಗೊಂದಿಯ ಕಡೆಯ ಬಾಳೆಹಣ್ಣನ್ನು ಒಣಗಿಸಿ ಪುಡಿ ಮಾಡಲು ಹೋದೆ, ಕಪ್ಪಾಗಿ ಅಂಟಿಕೊಂಡು ಪುಡಿಯಾಗಲೇ ಇಲ್ಲ. ಹಣ್ಣನ್ನು ಆಗಲೇ ಕಿವುಚಿ ಕೊಡುವುದೇ ಮೇಲು.

ಶೇಂಗಾದಲ್ಲಿ ನಾನು ಬಹಳ ಕಟ್ಟುನಿಟ್ಟು. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಷ್ಟು ಹತ್ತಿದ ಬೀಜಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುವ ಸಂಭವ ಹೆಚ್ಚು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಒಂದು ಕಿಲೋ ಆರಿಸುವಾಗ ನೂರು ಗ್ರಾಂ ಪಕ್ಕಕ್ಕೆ ಹೋದರೂ ನನಗೆ ಬೇಸರವಿಲ್ಲ. ಮೊದಲ ಸಲ ಚಿಟಿಕೆ ಪುಡಿ ಹಾಕಿ ಮೂರು ದಿನ ನೋಡಿದ ಮೇಲೆಯೇ ಹೆಚ್ಚಿಸಿದೆ. ಇಡಿ ಬೀಜವನ್ನು ಈಗಲೂ ಕೊಡುವುದಿಲ್ಲ, ಗಂಟಲಿಗೆ ಸಿಕ್ಕುತ್ತದೆ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಬೆಲ್ಲ, ಜೇನುತುಪ್ಪ ಯಾವುದನ್ನೂ ಹಾಕಲಿಲ್ಲ. ಮೊಳಕೆ ಹಿಟ್ಟಿನ ಗಂಜಿಗೆ ತನ್ನದೇ ಆದ ಸಣ್ಣ ಸಿಹಿ ಇರುವುದರಿಂದ ಕೂಸು ಬೇರೆ ಸಿಹಿಯನ್ನು ಬೇಡಲಿಲ್ಲ.

ಹಣದ ಲೆಕ್ಕವನ್ನು ನೆನಪಿನಿಂದ ಹೇಳುತ್ತೇನೆ. ರಾಗಿ ಕಿಲೋಗೆ ನಲವತ್ತೈದು, ಹೆಸರುಬೇಳೆ ನೂರಿಪ್ಪತ್ತು, ಶೇಂಗಾ ನೂರಮೂವತ್ತರ ಸುಮಾರು ಹಿಡಿದರೆ, ಎರಡೂ ಡಬ್ಬಿಯ ಹಿಟ್ಟು ಸೇರಿ ಕಿಲೋಗೆ ನೂರು ರೂಪಾಯಿಯೊಳಗೇ ಬೀಳುತ್ತದೆ. ಅಂಗಡಿಯ 300 ಗ್ರಾಂ ಡಬ್ಬಿಗೆ ಹತ್ತಿರ ಹತ್ತಿರ ಮುನ್ನೂರು ರೂಪಾಯಿ ಆಗುತ್ತಿತ್ತು, ತಿಂಗಳಿಗೆ ನಾಲ್ಕು ಬೇಕಾಗುತ್ತಿದ್ದವು. ಡ್ರೈಯರ್, ಗಿರಣಿಯ ಪಾಲು, ರಿಪೇರಿ, ಹಾಳಾದ ರಾಗಿ ಎಲ್ಲವನ್ನೂ ಕೂಡಿಸಿದರೆ ಹದಿನೈದು ಸಾವಿರದ ಹತ್ತಿರ ಹೋಗುವುದರಿಂದ, ಒಂದೇ ಕೂಸಿಗಾದರೆ ಉಳಿತಾಯವೆಂದು ಹೇಳಲಾರೆ. ಹರವಿ ಮತ್ತು ಬಿಸಿಲನ್ನು ನಂಬಿ ಆರಂಭಿಸುವವರಿಗೆ ಮೊದಲ ತಿಂಗಳಿನಿಂದಲೇ ಉಳಿತಾಯ. ಅಂಗಡಿಯ ಡಬ್ಬಿಯಲ್ಲಿ ಕಬ್ಬಿಣಾಂಶ ಸೇರಿಸಿರುತ್ತಾರೆ, ನಮ್ಮ ಹಿಟ್ಟಿನಲ್ಲಿ ಅದಿಲ್ಲ. ಆದ್ದರಿಂದ ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ವಾರಕ್ಕೆರಡು ಸಲ 1 ಮಿ.ಲೀ.ನಂತೆ ತಪ್ಪದೆ ಹಾಕಿದೆವು, ಎದೆಹಾಲನ್ನೂ ನಿಲ್ಲಿಸಲಿಲ್ಲ, ಬೇಳೆ, ಸೊಪ್ಪು, ತತ್ತಿಯನ್ನು ಒಂದೊಂದಾಗಿ ಸೇರಿಸಿದೆವು.

ಹಿಟ್ಟನ್ನು ಮಾರಬಾರದೇ ಎಂದು ಕೇಳುವವರಿದ್ದಾರೆ. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಪ್ರಚಾರವನ್ನು 1992ರ ಕಾನೂನು ನಿಷೇಧಿಸಿದೆ, ಮಾರಾಟಕ್ಕೆ ಆಹಾರ ಸುರಕ್ಷತೆಯ ಪರವಾನಗಿಯೂ ಬೇಕು. ನಾನು ಮಾರುವುದಿಲ್ಲ. ಅವರವರ ರಾಗಿ ತಂದವರಿಗೆ ಹರವಿಯಲ್ಲಿ ಮೊಳಕೆ ಬರಿಸಿಕೊಡುತ್ತೇನೆ, ಗಿರಣಿಯ ಕರೆಂಟಿಗೆಂದು ಕಿಲೋಗೆ ಹತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ.

ಹುರಿಯದ ಹಿಟ್ಟು ಹೆಚ್ಚು ದಿನ ಬಾಳುವುದಿಲ್ಲ, ತಿಂಗಳಾದ ಮೇಲೆ ಅದರ ಶಕ್ತಿ ಕುಗ್ಗಿದಂತೆ ನನಗೆ ಕಂಡಿದೆ. ಆದ್ದರಿಂದ ದೀಪಾವಳಿ ಕಳೆದು ಗಾಳಿ ತಂಪಾದಾಗ ನಾಲ್ಕೈದು ಕಿಲೋ ಮೊಳಕೆ ರಾಗಿ ಮಾಡಿ, ಕಾಳಾಗಿಯೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತುಂಬಿಟ್ಟು, ತಿಂಗಳಿಗೆ ಕಾಲು ಕಿಲೋದಂತೆ ಬೀಸಿಕೊಳ್ಳುತ್ತೇನೆ. ಹೀಗೆ ಮಾಡಿದರೆ ಮೇ ತಿಂಗಳಲ್ಲಿ ಮೊಳಕೆ ಬರಿಸುವ ಪ್ರಮೇಯವೇ ಬರುವುದಿಲ್ಲ.