ಹೊಲದ ಹೆಸರು ಹಿಡಿದು ಬರೆದ ಕಾದಂಬರಿ

ಮನೆತನದ ಮೇಲೆ ಮೊದಲ ಕಾದಂಬರಿ ಬರೆಯಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಹಿರಿಯರ ಮುಂದೆ ಕೂತು "ನಿಮ್ಮ ಕಾಲದ ಕಥಿ ಹೇಳ್ರಿ" ಅನ್ನಬೇಡಿ. ಹೊಲದ ಹೆಸರು ಕೇಳಿ. ಕಥೆ ಕೇಳಿದರೆ ಮದುವೆ ಮನೆಯಲ್ಲಿ ಹೇಳಿ ಹೇಳಿ ನುಣುಪಾದದ್ದನ್ನೇ ಹೇಳುತ್ತಾರೆ, ಅಜ್ಜ ಎಂಥಾ ಧಾರಾಳಿ, ಕಾಳು ತುಂಬಿಡುವ ನೆಲದ ಹಗೇವಿನಲ್ಲಿ ಎಷ್ಟು ಜೋಳ ಇತ್ತು ಅಂತ.

ನಮ್ಮದು ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕು. ದೊಡ್ಡವ್ವನ ಹತ್ತಿರ ಕೂತು ಒಂದೊಂದೇ ಹೊಲದ ಹೆಸರು ಕೇಳಿದೆ, ಯಾರು ಉಳುತ್ತಿದ್ದರು, ಯಾವಾಗ ಬಿಟ್ಟರು, ಯಾಕೆ ಬಿಟ್ಟರು ಅಂತ. ಹುಣಸಿಗಿಡದ ಹೊಲ, ಬಾವಿ ಹೊಲ, ಅತ್ತಿ ಹೊಲ. ನಮ್ಮ ಕಡೆ ಅತ್ತಿ ಅಂದರೆ ಅತ್ತೆ. ಅತ್ತಿ ಹೊಲ ಅಂದ್ರೆ? "ಗಂಡ ಸತ್ತು ತವರಿಗೆ ಬಂದ್ಲಲ್ಲ, ಆಕಿ ಉಣ್ಣಾಕಂತ ಬಿಟ್ಟಿದ್ರು. ಕಾಲುವಿ ನೀರು ಬಂದ ಮ್ಯಾಲ ಕಸಗೊಂಡ್ರು." ದೊಡ್ಡವ್ವ ಅಕ್ಕಿ ಆರಿಸುತ್ತಾ ಹೇಳಿದ ಮಾತು ಇದು, ತಲೆ ಕೂಡ ಎತ್ತಲಿಲ್ಲ. ನನ್ನ ಕಾದಂಬರಿಯ ನಡುಭಾಗ ಪೂರ್ತಿ ಈ ಮಾತಿನಿಂದ ಬಂತು.

ಆಮೇಲೆ ಟ್ರಂಕಿನಲ್ಲಿದ್ದ ಕಾಗದ. ರಾಯಚೂರು, ಕೊಪ್ಪಳದವರ ಮನೆಯಲ್ಲಿ ಹಳೆಯ ಭೂಮಿ ಕಾಗದ ಇದ್ದರೆ ಅದು ಉರ್ದುವಿನಲ್ಲಿ ಇರುವುದೇ ಜಾಸ್ತಿ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮನ ಕೆಳಗಿದ್ದವರು ಅಲ್ವಾ. ತುಂಗಭದ್ರೆಯ ಆಚೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರಿಗೆ ಸೇರಿತು. ನಾವು ಸೇರಿದ್ದು 1956ರಲ್ಲಿ. ನಮ್ಮ ಅಪ್ಪನಿಗೂ ಆ ಕಾಗದ ಓದಲು ಬರುವುದಿಲ್ಲ. ಉರ್ದು ಬಲ್ಲ ನಿವೃತ್ತ ಮೇಷ್ಟ್ರೊಬ್ಬರು ಬೆರಳಿಟ್ಟು ಸಾಲು ಸಾಲು ಓದಿ ಹೇಳಿದರು. ಬಾವಿ ಹೊಲದ ಮುಂದೆ, ಉಳುವವನ ಜಾಗದಲ್ಲಿ, ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಎತ್ತದ ಒಂದು ಹೆಸರು ಇತ್ತು. ಹೈದರಾಬಾದ್ ರಾಜ್ಯದಲ್ಲಿ 1950ರ ಗೇಣಿ ಕಾಯ್ದೆ ಇಂಥ ಉಳುವವರಿಗೆ ರಕ್ಷಿತ ಗೇಣಿದಾರ ಅಂತ ಹಕ್ಕು ಕೊಟ್ಟಿತ್ತು. ಆ ಹಕ್ಕು ಕೈಗೆ ಬಂದವರೂ ಇದ್ದಾರೆ, ಬಾರದವರೂ ಇದ್ದಾರೆ. ಕಾಗದದಲ್ಲಿದ್ದ ಆ ಉಳುವವನ ಮೊಮ್ಮಕ್ಕಳನ್ನು ಹುಡುಕಿಕೊಂಡು ಹೋದೆ. ನಮ್ಮವರು "ಅವರೇ ಬಿಟ್ಟು ಹೋದರು" ಅನ್ನುತ್ತಾರೆ, ಅವರು "ಬಿಡಿಸಿದರು" ಅನ್ನುತ್ತಾರೆ. ಎರಡನ್ನೂ ಹಾಗೇ ಬರೆದೆ, ತೀರ್ಪು ಕೊಡಲಿಲ್ಲ. ನಮ್ಮ ಮನೆತನ ಅಂದರೆ ನಮ್ಮವರಷ್ಟೇ ಅಲ್ಲ ಅನ್ನುವುದು ನನಗೆ ಗಟ್ಟಿಯಾದದ್ದು ಅವರ ಪಡಸಾಲೆಯಲ್ಲಿ ಕೂತಾಗ.

ನೀರಿನ ವಿಷಯವೂ ಹಾಗೇ. ತುಂಗಭದ್ರಾ ಅಣೆಕಟ್ಟು ಆಗಿ ಎಡದಂಡೆ ಕಾಲುವೆ ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲ ಭತ್ತದ ಗದ್ದೆ ಆಯಿತು. ಗದ್ದೆ ಮಾಡಿ ಗೊತ್ತಿದ್ದ ಆಂಧ್ರದ ರೈತರು ಬಂದು ಭೂಮಿ ಕೊಂಡರು, ಊರ ಪಕ್ಕ ಅವರು ನೆಲೆಸಿದ ಕ್ಯಾಂಪ್‌ಗಳಾದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಆರ್.ಎಚ್. ಕ್ಯಾಂಪ್‌ಗಳೂ, ಅಂದರೆ ಪುನರ್ವಸತಿ ಕ್ಯಾಂಪ್‌ಗಳೂ, ನಮ್ಮ ತಾಲೂಕಿನಲ್ಲೇ ಇವೆ. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ ಎಲ್ಲಾ ಕಿವಿಗೆ ಬೀಳುತ್ತದೆ. ಇದನ್ನು ಬಿಟ್ಟು ಸುಮ್ನೆ ರೊಟ್ಟಿ, ಪುಂಡಿಪಲ್ಯ, ಜಾತ್ರೆ ಇಟ್ಟು ಪ್ರಾದೇಶಿಕ ಕಾದಂಬರಿ ಅಂದರೆ ನಾನು ಒಪ್ಪುವುದಿಲ್ಲ. ಪ್ರದೇಶ ಕಥೆಯನ್ನು ನಡೆಸಬೇಕು. ಮೇಲ್ಭಾಗದ ಹೊಲದವರು ನೀರು ಕಟ್ಟಿಕೊಂಡರೆ ಕೊನೆಭಾಗದ ಮಾನ್ವಿ, ಸಿರವಾರದ ರೈತರಿಗೆ ಬರುವುದಿಲ್ಲ, ಕಾಲುವೆಯ 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಇಳಿಯಿತು ಅಂದರೆ ರೈತರು ರಸ್ತೆಗೆ ಬರುತ್ತಾರೆ. ನನ್ನ ಕಾದಂಬರಿಯಲ್ಲಿ ಅಕ್ಕನನ್ನು ಕೊಟ್ಟದ್ದು ಕೊನೆಭಾಗದ ಊರಿಗೆ, ತಮ್ಮನ ಗದ್ದೆ ಮೇಲ್ಭಾಗದಲ್ಲಿ. ಜಗಳಕ್ಕೆ ಬೇರೆ ಕಾರಣ ಹುಡುಕಬೇಕಾಗಲೇ ಇಲ್ಲ.

ಭಾಷೆಯ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಬಹಳ. ನಾನು ಮಾತನ್ನು ನಮ್ಮ ಕಡೆಯ ಹಾಗೆ, ನಿರೂಪಣೆಯನ್ನು ಸಾದಾ ಕನ್ನಡದಲ್ಲಿ ಬರೆದೆ, ಅಷ್ಟೇ.

ಅದಕ್ಕಿಂತ ಉಪಯೋಗ ಆದದ್ದು ಬರೆದದ್ದನ್ನು ಅವ್ವನಿಗೆ ಜೋರಾಗಿ ಓದಿ ಹೇಳಿದ್ದು. ಹೊಲಕ್ಕೆ ಬುತ್ತಿ ಕೊಟ್ಟು ಸೊಸೆ ಮನೆಗೆ ವಾಪಸ್ ಬರುವ ಜಾಗದಲ್ಲಿ ತಡೆದಳು. "ಬರಿಗೈಲೆ ಬಂದ್ಲೇನು? ಒಂದು ಹೊರಿ ಹುಲ್ಲರ, ಕಟಿಗಿಯರ ಹೊತ್ಕೊಂಡ ಬರ್ತಾಳ." ಆ ಹುಲ್ಲಿನ ಹೊರೆ ಬಂದ ಮೇಲೆ ಸೊಸೆಯ ನಡಿಗೆ ಬದಲಾಯಿತು, ದಾರಿಯಲ್ಲಿ ಆಡುವ ಮಾತು ಗಿಡ್ಡಾಯಿತು, ಬಾಗಿಲಲ್ಲಿ ಅತ್ತೆ ನೋಡುವ ನೋಟವೂ ಬೇರೆ ಆಯಿತು. ಮನೆಯಲ್ಲಿ ಹೀಗೆ ತಿದ್ದುವವರು ಇದ್ದರೆ ದಯವಿಟ್ಟು ಅವರಿಗೇ ಮೊದಲು ಓದಿ ಹೇಳಿ.

ಊರು, ಮನುಷ್ಯರ ಹೆಸರು, ಸಂಬಂಧ ಎಲ್ಲಾ ಬದಲಿಸಿದೆ. ಕಾಲುವೆ, ಮಳೆ, ಬೆಳೆ ಬದಲಿಸಲಿಲ್ಲ. ಆದರೂ ಕಾಕಾ ಗುರುತು ಹಿಡಿದರು, "ಅತ್ತಿ ಹೊಲದ್ದು ತಗದು ಬಿಡಪ" ಅಂದರು. ಅವರ ಎದುರಿಗೇ ಕೂತು ಆ ಅಧ್ಯಾಯ ಓದಿದೆ. ತೆಗೆಯುವುದಿಲ್ಲ ಅಂತಲೂ ಹೇಳಿದೆ. ಆಗ ಅವರು ಅತ್ತಿ ಕೊನೆಗಾಲಕ್ಕೆ ಯಾರ ಮನೆಯಲ್ಲಿದ್ದಳು, ಏನು ಮಾಡಿ ಹೊಟ್ಟೆ ಹೊರೆದಳು ಅಂತ ಹೇಳಿದರು. ಅದನ್ನೂ ಸೇರಿಸಿದೆ.