ಪರಂತುವಿನಿಂದ ಶುರು: ಪರೀಕ್ಷೆಗೆ ಸಂವಿಧಾನ ಓದಿದ ಬಗೆ

ಸ್ಪರ್ಧಾತ್ಮಕ ಪರೀಕ್ಷೆಯ ಓದಿನಲ್ಲಿ ಸಂವಿಧಾನಕ್ಕೆಂದು ನಾನು ಎತ್ತಿಟ್ಟದ್ದು 75 ದಿನ, ದಿನಕ್ಕೆ ಎರಡೂವರೆ ಗಂಟೆ. ಮೊದಲ 30 ದಿನ ಮೂಲಪಾಠ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಮೈಸೂರಿನಲ್ಲಿ ಕೋಚಿಂಗ್ ಸೆಂಟರ್ ಇರುವ ಯಾವ ರಸ್ತೆಗೆ ಹೋದರೂ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ರೆಡಿ ನೋಟ್ಸಿನ ಕಟ್ಟು ಸಿಗುತ್ತದೆ. ಬೇಡ ಅನ್ನುವುದಿಲ್ಲ, ಕೊನೆಗೆ ಓದಿ. ಮೊದಲೇ ಓದಿದರೆ ಬೆಣ್ಣೆ ತೆಗೆದ ಮಜ್ಜಿಗೆ ಕುಡಿದ ಹಾಗೆ. ಹೊಟ್ಟೆ ತುಂಬುತ್ತದೆ, ಪ್ರಶ್ನೆಪತ್ರಿಕೆ ಕೇಳುವುದು ಮಾತ್ರ ಬೆಣ್ಣೆಯನ್ನು.

ಮೂಲಪಾಠದ ಪಿಡಿಎಫ್ ಕೇಂದ್ರ ಕಾನೂನು ಸಚಿವಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಯಾವ ದಿನಾಂಕದವರೆಗಿನ ತಿದ್ದುಪಡಿ ಸೇರಿದೆ ಅನ್ನುವುದನ್ನು ಮೊದಲ ಪುಟಗಳಲ್ಲೇ ನೋಡಿಕೊಳ್ಳಿ. ಒಂದೇ ಬದಿಗೆ ಪ್ರಿಂಟ್ ಹಾಕಿಸಿ, ಎರಡು ಸಂಪುಟ ಮಾಡಿ ಸ್ಪೈರಲ್ ಬೈಂಡ್ ಮಾಡಿಸಿದೆ. ಹಾಳೆ ದುಪ್ಪಟ್ಟಾಗುತ್ತದೆ ನಿಜ, ಆದರೆ ಎಡಗಡೆಯ ಖಾಲಿ ಪುಟವೇ ನೋಟ್‌ಬುಕ್ಕಾಗುತ್ತದೆ. ವಿಧಿ ಬಲಕ್ಕೆ, ಅದಕ್ಕೆ ಸಂಬಂಧಿಸಿದ ತೀರ್ಪು, ತಿದ್ದುಪಡಿ, ಹಳೇ ಪ್ರಶ್ನೆ ಎಡಕ್ಕೆ. ಪುಟದ ಕೆಳಗಿನ ಸಣ್ಣಕ್ಷರದ ಅಡಿಟಿಪ್ಪಣಿಗಳನ್ನು ಯಾರೂ ಓದುವುದಿಲ್ಲ. ಯಾವ ಪದ ಯಾವ ತಿದ್ದುಪಡಿಯಿಂದ ಬಂತು, ಯಾವತ್ತಿನಿಂದ ಜಾರಿಗೆ ಬಂತು ಅನ್ನುವುದೆಲ್ಲ ಅಲ್ಲೇ ಇದೆ. 42 ಮತ್ತು 44ನೇ ತಿದ್ದುಪಡಿಗಳನ್ನು ನಾನು ಬೇರೆ ಪಟ್ಟಿ ಮಾಡಿ ಕಲಿಯಲಿಲ್ಲ, ಅಡಿಟಿಪ್ಪಣಿಯಲ್ಲಿ ಎದುರಾದಾಗಲೆಲ್ಲ ಎಡಪುಟಕ್ಕೆ ಇಳಿಸಿಕೊಂಡೆ.

ಪೆನ್ಸಿಲ್ ಹಿಡಿದು ಗುರುತು ಹಾಕಿದ್ದು ನಾಲ್ಕೇ ಪದಗಳಿಗೆ: ಪರಂತು (ಮುಖ್ಯ ವಾಕ್ಯಕ್ಕೆ ಷರತ್ತು, ವಿನಾಯಿತಿ ಸೇರಿಸುವ ಪದ), ಒಳಪಟ್ಟು, ಏನೇ ಇದ್ದಾಗ್ಯೂ, ತಕ್ಕದ್ದು. ಇಂಗ್ಲಿಷ್ ಪಾಠ ಓದುವವರು ಪ್ರೊವೈಡೆಡ್, ಸಬ್ಜೆಕ್ಟ್ ಟು, ನಾಟ್‌ವಿತ್‌ಸ್ಟ್ಯಾಂಡಿಂಗ್, ಶಲ್ ಅಂತ ಹುಡುಕಬೇಕು. ಬಹುಪಾಲು ಬಹುಆಯ್ಕೆ ಪ್ರಶ್ನೆಗಳು ಮುಖ್ಯ ವಾಕ್ಯದಿಂದ ಬರುವುದಿಲ್ಲ, ಪರಂತುವಿನಿಂದ ಬರುತ್ತವೆ. 3ನೇ ವಿಧಿಯನ್ನೇ ತೆಗೆದುಕೊಳ್ಳಿ. ಹೊಸ ರಾಜ್ಯ ರಚನೆ, ಗಡಿ ಬದಲಾವಣೆ, ಹೆಸರು ಬದಲಾವಣೆ ಸಂಸತ್ತಿನ ಅಧಿಕಾರ ಅನ್ನುವುದು ಎಲ್ಲರಿಗೂ ಗೊತ್ತು. ವಿಧೇಯಕಕ್ಕೆ ರಾಷ್ಟ್ರಪತಿಯ ಶಿಫಾರಸು ಬೇಕು, ಸಂಬಂಧಪಟ್ಟ ರಾಜ್ಯದ ಶಾಸಕಾಂಗಕ್ಕೆ ಅಭಿಪ್ರಾಯ ಕೇಳಿ ಕಳಿಸಬೇಕು ಅನ್ನುವುದು ಪರಂತುವಿನಲ್ಲಿದೆ. ಆ ಅಭಿಪ್ರಾಯಕ್ಕೆ ಸಂಸತ್ತು ಕಟ್ಟುಬಿದ್ದಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದು ಸಂಸತ್ತಿನ ಕಾಯ್ದೆಯಿಂದ. ವಿಧಾನಸಭೆಯ ನಿರ್ಣಯವೊಂದರಿಂದಲೇ ಆಯಿತು ಅಂತ ಗುರುತು ಹಾಕಿ ಅಂಕ ಕಳೆದುಕೊಳ್ಳುವವರು ಬಹಳ.

ಓದಿನ ಕ್ರಮ 1ರಿಂದ 395ರವರೆಗೆ ನೆಟ್ಟಗೆ ಬೇಡ. 3ನೇ ಭಾಗ (ಮೂಲಭೂತ ಹಕ್ಕು), 4 (ನಿರ್ದೇಶಕ ತತ್ವ), 4ಎ (ಮೂಲಭೂತ ಕರ್ತವ್ಯ) ಮೊದಲು. ಆಮೇಲೆ 5 ಮತ್ತು 6ನೇ ಭಾಗಗಳನ್ನು ಜೋಡಿಯಾಗಿ. ನಂತರ 11 (ಕೇಂದ್ರ-ರಾಜ್ಯ ಸಂಬಂಧ), 12 (ಹಣಕಾಸು), 18 (ತುರ್ತು ಪರಿಸ್ಥಿತಿ). ಪಂಚಾಯತಿ, ನಗರಪಾಲಿಕೆಗಳ 9, 9ಎ ಭಾಗಗಳಿಗೆ ಮೂರು ದಿನ ಸಾಕು. ಪೌರತ್ವದ 2ನೇ ಭಾಗ, ಸಂಕೀರ್ಣ ವಿಷಯಗಳ 19ನೇ ಭಾಗವನ್ನು ಒಂದೊಂದು ಸಲ ಕಣ್ಣಾಡಿಸಿದರೆ ಆಯಿತು.

ಜೋಡಿ ಓದಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ಸಮಯ ಉಳಿಯುವುದು ಇಲ್ಲೇ. 5ನೇ ಭಾಗ ಕೇಂದ್ರದ್ದು, 6ನೇ ಭಾಗ ರಾಜ್ಯದ್ದು. ಎರಡೂ ಒಂದೇ ಅಚ್ಚಿನವು. ಕೇಂದ್ರದ ವಿಧಿಗೆ 89 ಕೂಡಿಸಿದರೆ ರಾಜ್ಯದ ವಿಧಿ ಬರುತ್ತದೆ. ಕ್ಷಮಾದಾನ 72, ರಾಜ್ಯಪಾಲರದು 161. ಮಂತ್ರಿಮಂಡಲದ ಸಲಹೆ 74, ರಾಜ್ಯದಲ್ಲಿ 163. ಅಟಾರ್ನಿ ಜನರಲ್ 76, ಅಡ್ವೊಕೇಟ್ ಜನರಲ್ 165. ಸದಸ್ಯರ ಅನರ್ಹತೆ 102, 191. ಹಣ ವಿಧೇಯಕದ ವ್ಯಾಖ್ಯೆ 110, 199. ಅಂಕಿತ 111, 200. ಆಮೇಲೆ ಲೆಕ್ಕ 90ಕ್ಕೆ ಜಿಗಿಯುತ್ತದೆ: ಬಜೆಟ್ 112, ರಾಜ್ಯದಲ್ಲಿ 202, ಸುಗ್ರೀವಾಜ್ಞೆ 123, ರಾಜ್ಯದಲ್ಲಿ 213. ನಡುವೆ ನುಸುಳಿದ ಹೆಚ್ಚುವರಿ ವಿಧಿ 201. ರಾಜ್ಯಪಾಲರು ರಾಷ್ಟ್ರಪತಿಯ ಪರಿಶೀಲನೆಗೆ ಕಾಯ್ದಿರಿಸಿದ ವಿಧೇಯಕಗಳ ವಿಷಯ ಅದು. ಕೇಂದ್ರದಲ್ಲಿ ಅದಕ್ಕೆ ಜೋಡಿಯೇ ಇರಲು ಸಾಧ್ಯವಿಲ್ಲ, ರಾಷ್ಟ್ರಪತಿಯ ಮೇಲೆ ಇನ್ನೊಬ್ಬರಿಲ್ಲವಲ್ಲ.

ಈ ಲೆಕ್ಕ ಎಲ್ಲಿ ತಪ್ಪುತ್ತದೋ ಅಲ್ಲೇ ಪ್ರಶ್ನೆ ಇದೆ ಅಂತ ತಿಳಿಯಿರಿ. ರಾಜ್ಯಸಭೆಯ ರಚನೆಯ 80ಕ್ಕೆ 89 ಕೂಡಿದರೆ 169, ಅದು ಮೇಲ್ಮನೆಯ ರಚನೆ ಅಲ್ಲ, ವಿಧಾನ ಪರಿಷತ್ತನ್ನು ಸೃಷ್ಟಿಸುವ, ರದ್ದುಮಾಡುವ ವಿಧಿ. ಪರಿಷತ್ತಿನ ರಚನೆ 171ರಲ್ಲಿದೆ. 108 ಜಂಟಿ ಅಧಿವೇಶನ. 197 ನೋಡಿದರೆ ಜಂಟಿ ಅಧಿವೇಶನದ ಸುದ್ದಿಯೇ ಇಲ್ಲ. ಸಾಮಾನ್ಯ ವಿಧೇಯಕವನ್ನು ಪರಿಷತ್ತು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ತಡೆಹಿಡಿಯಬಹುದು, ಅಷ್ಟೇ. ಕ್ಷಮಾದಾನದಲ್ಲೂ ಹಾಗೇ: ಸೇನಾ ನ್ಯಾಯಾಲಯದ ಶಿಕ್ಷೆ 72ರಲ್ಲಿದೆ, 161ರಲ್ಲಿಲ್ಲ. ಎರಡು ಬಣ್ಣದ ಪೆನ್ನಿನಲ್ಲಿ ಒಂದು ದೊಡ್ಡ ಹಾಳೆಗೆ ಈ ಪಟ್ಟಿ ಇಳಿಸಿಕೊಂಡರೆ ಸುಮಾರು 50 ಜೋಡಿ ಆಗುತ್ತದೆ. ಮಂಡ್ಯ–ಮೈಸೂರು ರೈಲಿನಲ್ಲಿ ದಿನಾ ಓಡಾಡುವವರಿಗೆ ಸೀಟು ಸಿಗದೆ ನಿಂತುಕೊಂಡೇ ತಿರುವಿ ಹಾಕಲು ಈ ಹಾಳೆ ಸರಿ. ದಪ್ಪ ಪುಸ್ತಕ ಅಲ್ಲಿ ಓದಲಾಗದು.

171 ಬಂದದ್ದರಿಂದ ಒಂದು ಲೆಕ್ಕ. ಪರಿಷತ್ತಿನ ಬಲ ವಿಧಾನಸಭೆಯ ಮೂರನೇ ಒಂದು ಭಾಗ ಮೀರಬಾರದು, 40ಕ್ಕಿಂತ ಕಡಿಮೆ ಇರಬಾರದು. ನಮ್ಮ ಸಭೆ 224, ಹಿಂದೆ ಇದ್ದ ನಾಮನಿರ್ದೇಶಿತ ಆಂಗ್ಲೋ ಇಂಡಿಯನ್ ಸದಸ್ಯರೊಬ್ಬರು ಸೇರಿ 225, ಅದರ ಮೂರನೇ ಒಂದು 75. ಆ 75 ಹಂಚಿಕೆಯಾಗುವುದು ಹೀಗೆ: ಸ್ಥಳೀಯ ಸಂಸ್ಥೆಗಳಿಂದ 25, ಶಾಸಕರಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ಉಳಿದ 11 ನಾಮನಿರ್ದೇಶನ. ಹನ್ನೆರಡನೇ ಒಂದು ಭಾಗ ಅಂದರೆ 6.25, ಅದನ್ನು 7ಕ್ಕೆ ಏರಿಸಿದ್ದಾರೆ ಅಂತ ಒಮ್ಮೆ ಕೈಯಾರೆ ಭಾಗಿಸಿ ನೋಡಿದರೆ ಆ ವಿಧಿ ಮತ್ತೆ ಮರೆಯುವುದಿಲ್ಲ. ಬಹುಮತಗಳಿಗೂ ಇದೇ ಮದ್ದು. 169ರ ನಿರ್ಣಯಕ್ಕೆ ಒಟ್ಟು ಬಲದ ಬಹುಮತವೂ ಬೇಕು, ಹಾಜರಿದ್ದು ಮತ ಹಾಕಿದವರ ಮೂರನೇ ಎರಡೂ ಬೇಕು. 180 ಜನ ಮತ ಹಾಕಿದರೆ 120 ಬೇಕು. 150 ಜನ ಹಾಕಿದರೆ ಮೂರನೇ ಎರಡು 100 ಆದರೂ ಒಟ್ಟು ಬಲದ ಬಹುಮತವಾದ 113 ಇಲ್ಲದೆ ನಿರ್ಣಯ ಬೀಳುತ್ತದೆ.

ಕನ್ನಡದಲ್ಲಿ ಓದುವವರಿಗೆ ಮಾತ್ರ ಬರುವ ತೊಡಕುಗಳಿವೆ. ದೊಡ್ಡದು ‘ರಾಜ್ಯ’. 12ನೇ ವಿಧಿಯ ರಾಜ್ಯ ಅಂದರೆ ಕರ್ನಾಟಕ, ತಮಿಳುನಾಡು ಅಲ್ಲ. ಸಂಸತ್ತು, ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಶಾಸಕಾಂಗ, ಗ್ರಾಮ ಪಂಚಾಯತಿ, ಮೈಸೂರು ಮಹಾನಗರ ಪಾಲಿಕೆ ಎಲ್ಲವೂ ಆ ಪದದೊಳಗೆ ಬರುತ್ತವೆ. ಕಾಯ್ದೆಯಿಂದ ಹುಟ್ಟಿದ ವಿದ್ಯುತ್ ಮಂಡಳಿಯೂ ‘ಇತರ ಪ್ರಾಧಿಕಾರ’ ಅಂತ ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. 3 ಮತ್ತು 4ನೇ ಭಾಗ ಓದುವಾಗ ‘ರಾಜ್ಯ’ ಕಂಡಲ್ಲೆಲ್ಲ ಮೇಲೆ ಸಣ್ಣದಾಗಿ 12 ಅಂತ ಬರೆದುಕೊಂಡರೆ ಗೊಂದಲ ಹೋಗುತ್ತದೆ. ಎರಡನೆಯದು ಹಣ ವಿಧೇಯಕ, ಹಣಕಾಸು ವಿಧೇಯಕ. 110 ಬೇರೆ, 117 ಬೇರೆ. ಪತ್ರಿಕೆಗಳು ಎರಡಕ್ಕೂ ‘ಹಣಕಾಸು ಮಸೂದೆ’ ಅಂತಲೇ ಬರೆಯುತ್ತವೆ. ಮೂರನೆಯದು ನಾಗರಿಕ ಮತ್ತು ವ್ಯಕ್ತಿ: 15, 16, 19, 29, 30ನೇ ವಿಧಿಗಳ ಹಕ್ಕು ನಾಗರಿಕರಿಗೆ ಮಾತ್ರ, 14, 20, 21 ಯಾವ ವ್ಯಕ್ತಿಗೂ. ರಿಟ್‌ಗಳಿಗೆ (ಹಕ್ಕು ಕಾಪಾಡಲು ನ್ಯಾಯಾಲಯ ಹೊರಡಿಸುವ ಆಜ್ಞೆ) ಎರಡು ಹೆಸರೂ ಕಲಿಯಲೇಬೇಕು. ಬಂದೀ ಪ್ರತ್ಯಕ್ಷೀಕರಣ ಗೊತ್ತಿದ್ದು ಹೇಬಿಯಸ್ ಕಾರ್ಪಸ್ ಗೊತ್ತಿಲ್ಲದಿದ್ದರೆ ಅರ್ಧ ಓದಿದ ಹಾಗೆ. ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿದ್ದರೆ, ಕನ್ನಡ ವಾಕ್ಯ ಎಡವಿದಂತೆ ಕಂಡ ಕೂಡಲೇ ಕಣ್ಣು ಇಂಗ್ಲಿಷಿಗೆ ಹೊರಳಿಸಿ, ವಾದ ಮಾಡುತ್ತ ಕೂರಬೇಡಿ.

ತಿದ್ದುಪಡಿ ಸಂಖ್ಯೆಯಲ್ಲಿ ಆಗುವ ತಪ್ಪು ಸುದ್ದಿ ಓದುವುದರಿಂದ ಬರುತ್ತದೆ. ಸಂಸತ್ತಿನಲ್ಲಿ ಮಂಡಿಸಿದಾಗಿನ ವಿಧೇಯಕದ ಸಂಖ್ಯೆ ಬೇರೆ, ಕಾಯ್ದೆಯಾದ ಮೇಲಿನ ಸಂಖ್ಯೆ ಬೇರೆ. ಜಿಎಸ್‌ಟಿ 122ನೇ ವಿಧೇಯಕ, ಆದದ್ದು 101ನೇ ತಿದ್ದುಪಡಿ. ಆರ್ಥಿಕವಾಗಿ ದುರ್ಬಲರ ಮೀಸಲಾತಿ 124ನೇ ವಿಧೇಯಕ, 103ನೇ ತಿದ್ದುಪಡಿ. ಮಹಿಳಾ ಮೀಸಲಾತಿ 128, ಆದದ್ದು 106. ಎರಡನ್ನೂ ಅಕ್ಕಪಕ್ಕ ಬರೆದಿಟ್ಟುಕೊಳ್ಳಿ, ಆಯ್ಕೆಗಳಲ್ಲಿ ಎರಡೂ ಇರುತ್ತವೆ.

ಮುಖ್ಯ ಪರೀಕ್ಷೆಗೆ ಮೂಲಪಾಠ ಒಂದೇ ಸಾಲದು, ಒಂದು ವಿವಾದವನ್ನು ಹಿಡಿದು ಎಷ್ಟು ವಿಧಿಗಳು ಮುಟ್ಟುತ್ತವೆ ನೋಡಬೇಕು. ಮಂಡ್ಯ ಸೀಮೆಯವರಿಗೆ ಇದಕ್ಕೆ ಕಾವೇರಿಗಿಂತ ಒಳ್ಳೆಯ ಪಾಠವಿಲ್ಲ. ನೀರು 7ನೇ ಅನುಸೂಚಿಯ ರಾಜ್ಯಪಟ್ಟಿಯ 17ನೇ ನಮೂದು, ಆದರೆ ಕೇಂದ್ರಪಟ್ಟಿಯ 56ಕ್ಕೆ (ಅಂತರರಾಜ್ಯ ನದಿಗಳ ನಿಯಂತ್ರಣ) ‘ಒಳಪಟ್ಟು’. ಮತ್ತೆ ಅದೇ ಪದ ನೋಡಿ. 262ನೇ ವಿಧಿಯಡಿ 1956ರ ಅಂತರರಾಜ್ಯ ಜಲವಿವಾದ ಕಾಯ್ದೆ, ಅದರಡಿ 1990ರ ಜೂನ್‌ನಲ್ಲಿ ನ್ಯಾಯಮಂಡಳಿ. 1991ರಲ್ಲಿ ಮಂಡಳಿಯ ಮಧ್ಯಂತರ ಆದೇಶ ಬಂದಾಗ ಕರ್ನಾಟಕ ಸುಗ್ರೀವಾಜ್ಞೆ ಹೊರಡಿಸಿತು, ಅಂದರೆ 213. ರಾಷ್ಟ್ರಪತಿ 143ರಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು; ಸುಗ್ರೀವಾಜ್ಞೆ ಸಂವಿಧಾನಬಾಹಿರ ಎಂದಿತು ನ್ಯಾಯಾಲಯ. 2007ರ ಫೆಬ್ರವರಿಯಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪು. ಕಾಯ್ದೆಯ ಮೂಲಕ ನ್ಯಾಯಾಲಯಗಳ ಅಧಿಕಾರ ಹೊರಗಿಡಲು 262(2) ಅವಕಾಶ ಕೊಟ್ಟಿದ್ದರೂ, 136ರ ವಿಶೇಷ ಅನುಮತಿಯಲ್ಲಿ ಮೇಲ್ಮನವಿ ಕೇಳಿ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರನ್ನು 177.25ಕ್ಕೆ ಇಳಿಸಿತು. ಒಂದೇ ನದಿಯ ದಡದಲ್ಲಿ ಐದಾರು ವಿಧಿ. ಇದೇ ರೀತಿ ಎಸ್.ಆರ್. ಬೊಮ್ಮಾಯಿ ಪ್ರಕರಣ ಹಿಡಿದು 356 (ರಾಷ್ಟ್ರಪತಿ ಆಳ್ವಿಕೆ), ಮೀಸಲಾತಿಗೆ ಬಾಲಾಜಿ ವಿರುದ್ಧ ಮೈಸೂರು ರಾಜ್ಯ, ಶಿಕ್ಷಣದ ಹಕ್ಕಿಗೆ 1992ರ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ಓದಬಹುದು. ಬಾಲಾಜಿ ತೀರ್ಪು ಬಂದದ್ದು 1962ರ ಸೆಪ್ಟೆಂಬರ್, ವರದಿಯಾದ ಸಂಪುಟ 1963ರದು. ಪುಸ್ತಕಗಳಲ್ಲಿ ಎರಡೂ ಇಸವಿ ಕಂಡು ಗಾಬರಿಯಾಗಬೇಡಿ. ಯುಪಿಎಸ್‌ಸಿ ಸಾಮಾನ್ಯ ಅಧ್ಯಯನದಲ್ಲಿ ಮೂರು ಗಂಟೆಗೆ 20 ಪ್ರಶ್ನೆ, ಒಂದಕ್ಕೆ 9 ನಿಮಿಷ. ವಿಧಿ ಮೊದಲ ವಾಕ್ಯದಲ್ಲೇ ಬರಲಿ, ತೀರ್ಪು ಎರಡನೆಯದರಲ್ಲಿ, ಉಳಿದದ್ದು ಪ್ರಶ್ನೆ ಕೇಳಿದ್ದಕ್ಕೆ ಉತ್ತರ. ‘ನಮ್ಮ ಸಂವಿಧಾನ ಜಗತ್ತಿನ ಅತಿ ದೊಡ್ಡ ಲಿಖಿತ ಸಂವಿಧಾನ’ ಅಂತ ಶುರು ಮಾಡಿದರೆ ಒಂದೂವರೆ ನಿಮಿಷ ನೀರಿಗೆ ಹೋಯಿತು.

ಕೊನೆಯ 20 ದಿನ ಹೊಸದೇನೂ ಓದದೆ, ಹತ್ತು ವರ್ಷದ ಹಳೇ ಪತ್ರಿಕೆ ಬಿಡಿಸಿದೆ. ಸರಿಯುತ್ತರ ನೋಡಿ ಮುಂದೆ ಹೋಗಬಾರದು. ಉಳಿದ ಮೂರು ಆಯ್ಕೆ ಯಾಕೆ ತಪ್ಪು ಅಂತ ಎಡಪುಟದಲ್ಲಿ ಬರೆಯಬೇಕು. ತಪ್ಪಾದ ಪ್ರಶ್ನೆಗೆ ಮೂರು ಗುರುತು: ಗೊತ್ತೇ ಇರಲಿಲ್ಲ, ಪರಂತು ಮರೆತೆ, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲ. ಮೂರನೇ ಗುರುತು ವಾರಕ್ಕೆ ಹತ್ತು ದಾಟಿದರೆ ಮೂಲಪಾಠಕ್ಕೆ ಮರಳುವುದು ವ್ಯರ್ಥ. ‘ಸರಿಯಲ್ಲದ್ದು ಯಾವುದು’ ಅನ್ನುವಲ್ಲಿನ ‘ಅಲ್ಲ’ದ ಕೆಳಗೆ ಗೆರೆ ಎಳೆದು ಆಮೇಲೆ ಆಯ್ಕೆ ಓದುವ ಅಭ್ಯಾಸವನ್ನು ಅವತ್ತಿನಿಂದಲೇ ಶುರು ಮಾಡಿ.